ಮನೆಯಲ್ಲೇ ದುಡಿಯುವವರ ಒಂದು ದಿನ: ಎಂಟನೆಯ ತರಗತಿಗೆ ಪೈ ನಕ್ಷೆಯ ಪಾಠ

ತರಗತಿ: 8
ವಿಷಯ: ಗಣಿತ
ಘಟಕ: ದತ್ತಾಂಶಗಳ ನಿರ್ವಹಣೆ
ಕಲಿಕಾಂಶ: ಪೈ ನಕ್ಷೆ
ಅವಧಿ: 40 ನಿಮಿಷಗಳ 3 ಅವಧಿಗಳು
ವಿದ್ಯಾರ್ಥಿಗಳು: 36

ಪೀಠಿಕೆ

ಪೈ ನಕ್ಷೆಯ ಪಾಠದಲ್ಲಿ ಸಾಮಾನ್ಯವಾಗಿ ಮಕ್ಕಳ ಕೈಗೆ ಸಿದ್ಧ ಕೋಷ್ಟಕವೊಂದನ್ನು ಕೊಡುತ್ತೇವೆ. ನಿದ್ರೆಗೆ ಇಷ್ಟು ಗಂಟೆ, ಶಾಲೆಗೆ ಇಷ್ಟು, ಆಟಕ್ಕೆ ಇಷ್ಟು. ಮಕ್ಕಳು ಭಿನ್ನರಾಶಿ ಬರೆದು, 360ರಿಂದ ಗುಣಿಸಿ, ಕೋನಮಾಪಕ ಇಟ್ಟು ಗೆರೆ ಎಳೆಯುತ್ತಾರೆ. ಲೆಕ್ಕ ಸರಿ ಬರುತ್ತದೆ. ಆದರೆ ಯಾವ ಚಟುವಟಿಕೆಯನ್ನು ಯಾವ ಗುಂಪಿಗೆ ಸೇರಿಸಬೇಕು ಎಂಬ ತೀರ್ಮಾನವನ್ನು ಅವರಿಗಾಗಿ ಬೇರೆ ಯಾರೋ ಮೊದಲೇ ಮಾಡಿಟ್ಟಿರುತ್ತಾರೆ. ಈ ಪಾಠದಲ್ಲಿ ಆ ತೀರ್ಮಾನವನ್ನು ಮಕ್ಕಳಿಗೇ ಬಿಟ್ಟುಕೊಟ್ಟು ನೋಡಿದೆ.

ಅದಕ್ಕೆ ಗುಂಪುಗಳು ಸುಲಭವಾಗಿ ಬೇರ್ಪಡದ ದತ್ತಾಂಶ ಬೇಕಾಗಿತ್ತು. ಬೆಳಿಗ್ಗೆ 10ಕ್ಕೆ ಕಚೇರಿಗೆ ಹೋಗಿ ಸಂಜೆ 5ಕ್ಕೆ ಬರುವವರ ದಿನದಲ್ಲಿ ‘ಕೆಲಸ’ ಯಾವುದು ಎಂಬುದಕ್ಕೆ ಚರ್ಚೆಯೇ ಹುಟ್ಟುವುದಿಲ್ಲ. ಮನೆಯಲ್ಲೇ ಕುಳಿತು ದುಡಿಯುವವರ ದಿನದಲ್ಲಿ ಅದು ಹುಟ್ಟುತ್ತದೆ. ಬಿ.ಎಸ್ಸಿ. ಮುಗಿದ ಮೇಲೆ, ಬಿ.ಇಡಿ. ಸೇರುವ ಮುನ್ನ, ಎರಡು ವರ್ಷ ನಾನು ಮೈಸೂರಿನ ನಮ್ಮ ಮನೆಯಲ್ಲಿದ್ದುಕೊಂಡೇ ಫ್ರೀಲ್ಯಾನ್ಸ್ ಚಿತ್ರಕಾರಳಾಗಿ ದುಡಿದೆ. ವಿಜ್ಞಾನದ ಗೈಡುಗಳಿಗೆ ಹೃದಯ, ಹೂವಿನ ಸೀಳುನೋಟ, ವಿದ್ಯುನ್ಮಂಡಲದ ಚಿತ್ರಗಳು. ನಡುನಡುವೆ ಮಕ್ಕಳ ಕಥೆಪುಸ್ತಕಗಳಿಗೆ ಬಣ್ಣದ ಚಿತ್ರಗಳು. ಯಾವ ಚಿತ್ರಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಆಗ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಅದರಲ್ಲಿನ ಒಂದು ಸಾಧಾರಣ ದಿನವೇ ಈ ಪಾಠದ ದತ್ತಾಂಶ.

ಕಲಿಕಾ ಫಲಗಳು

1. ದಿನಚರಿಯ ಕಚ್ಚಾ ದತ್ತಾಂಶವನ್ನು ತಾವೇ ಗೊತ್ತುಮಾಡಿದ ಗುಂಪುಗಳಾಗಿ ವಿಂಗಡಿಸಿ, ಆ ವಿಂಗಡಣೆಗೆ ಕಾರಣ ಕೊಡುವರು.
2. ಪ್ರತಿ ಗುಂಪಿನ ಕೇಂದ್ರ ಕೋನವನ್ನು ಲೆಕ್ಕಹಾಕಿ ಪೈ ನಕ್ಷೆ ರಚಿಸುವರು.
3. ವಿಂಗಡಣೆ ಬದಲಾದರೆ ಶೇಕಡಾವಾರು ಮತ್ತು ಗಂಟೆಯ ಗಳಿಕೆ ಹೇಗೆ ಬದಲಾಗುತ್ತದೆ ಎಂದು ತೋರಿಸುವರು.
4. ಪೈ ನಕ್ಷೆ ಏನನ್ನು ತೋರಿಸುತ್ತದೆ, ಏನನ್ನು ತೋರಿಸುವುದಿಲ್ಲ ಎಂದು ಹೇಳುವರು.

ಕಲಿಕೋಪಕರಣಗಳು

ಪ್ರತಿ ಗುಂಪಿಗೆ ಚಾರ್ಟ್ ಹಾಳೆಯಿಂದ ಕತ್ತರಿಸಿದ ಎರಡು ಪಟ್ಟಿಗಳು. ಒಂದೊಂದೂ 50 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲ. ಅದರಲ್ಲಿ 1 ಸೆಂ.ಮೀ.ಗೆ ಒಂದರಂತೆ 48 ಚೌಕಗಳು. ಉಳಿದ 2 ಸೆಂ.ಮೀ. ಅಂಟಿಸಲು. ಬಣ್ಣದ ಪೆನ್ಸಿಲ್, ಅಂಟು, ಕೈವಾರ, ಕೋನಮಾಪಕ, ಬಿಳಿ ಹಾಳೆ.

ಒಂದು ಚೌಕವೆಂದರೆ ಅರ್ಧ ಗಂಟೆ. ಈ ಅಳತೆ ನನ್ನ ಕಲ್ಪನೆಯಲ್ಲ. ಭಾರತ ಸರ್ಕಾರದ ರಾಷ್ಟ್ರೀಯ ಅಂಕಿಅಂಶ ಕಚೇರಿ 2019ರಲ್ಲಿ ಮೊದಲ ಬಾರಿಗೆ ದೇಶವ್ಯಾಪಿಯಾಗಿ, ಮತ್ತೆ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ ಜನರ ದಿನವನ್ನು ಬೆಳಗಿನ ಜಾವ 4ರಿಂದ ಮರುದಿನ ಬೆಳಗಿನ ಜಾವ 4ರವರೆಗೆ, ಅರ್ಧ ಅರ್ಧ ಗಂಟೆಯ ತುಂಡುಗಳಾಗಿ ದಾಖಲಿಸಲಾಗಿದೆ. ನಾವೂ ಅದೇ ಕ್ರಮ ಅನುಸರಿಸಿದೆವು.

ಮೊದಲ ಅವಧಿ: ಪಟ್ಟಿಯ ಮೇಲೆ ಒಂದು ದಿನ

ತೊಡಗಿಸಿಕೊಳ್ಳುವ ಹಂತದಲ್ಲಿ ಒಂದೇ ಪ್ರಶ್ನೆ ಕೇಳಿದೆ: “ಮನೆಯಲ್ಲೇ ಇದ್ದು ಚಿತ್ರ ಬರೆದು ದುಡಿಯುವವರು ದಿನಕ್ಕೆ ಎಷ್ಟು ಗಂಟೆ ಕೆಲಸ ಮಾಡ್ತಾರೆ?” ಹೆಚ್ಚಿನವರು 2 ಅಥವಾ 3 ಗಂಟೆ ಎಂದರು. “ಮನೇಲಿದ್ರೆ ಬೇಕಾದಾಗ ಮಾಡ್ಬೋದು, ಬೇಡ್ದಾಗ ಬಿಡ್ಬೋದು ಮಿಸ್” ಎಂದ ಒಬ್ಬ. ಆ ಉತ್ತರವನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಟ್ಟು ಮುಂದೆ ಹೋದೆ.

ಆರು ಮಂದಿಯ ಆರು ಗುಂಪುಗಳಿಗೆ ದಿನಚರಿಯ ಪ್ರತಿ ಕೊಟ್ಟೆ. ಅದು ಹೀಗಿತ್ತು:

4:00–6:00 ನಿದ್ರೆ
6:00–7:00 ನೀರು ಹಿಡಿಯುವುದು, ಹಾಲು ತರುವುದು, ಪಾತ್ರೆ
7:00–7:30 ಕೈ ಪಳಗಲು ಅಭ್ಯಾಸದ ರೇಖಾಚಿತ್ರ
7:30–8:30 ಸ್ನಾನ, ತಿಂಡಿ
8:30–9:00 ಕೆಲಸ ಕೊಟ್ಟವರ ಮೆಸೇಜು ಓದಿ ಉತ್ತರ
9:00–10:30 ಚಿತ್ರ ಬರೆಯುವುದು
10:30–11:00 ಅಜ್ಜಿಗೆ ಗಂಜಿ, ಮಾತ್ರೆ
11:00–12:00 ಚಿತ್ರ ಬರೆಯುವುದು
12:00–1:00 ಕರೆಂಟ್ ಇಲ್ಲ, ಕಾಯುವುದು
1:00–1:30 ಅಡುಗೆಗೆ ನೆರವು
1:30–2:00 ಊಟ
2:00–2:30 ವಿಶ್ರಾಂತಿ
2:30–3:30 ಚಿತ್ರ ಬರೆಯುವುದು
3:30–4:30 ಫೋನಿನಲ್ಲಿ ಹೇಳಿದ ತಿದ್ದುಪಡಿ
4:30–5:00 ಕಾಫಿ, ತಿಂಡಿ
5:00–6:00 ದಿನಸಿ, ತರಕಾರಿ, ಬಟ್ಟೆ ಮಡಿಸುವುದು
6:00–6:30 ಚಿತ್ರ ಬರೆಯುವುದು
6:30–7:00 ಹಳೆಯ ಬಾಕಿ ಹಣ ಕೇಳಲು ಫೋನು
7:00–8:00 ಟಿವಿ, ಮಾತುಕತೆ
8:00–8:30 ಊಟ
8:30–9:00 ಚಿತ್ರ ಬರೆಯುವುದು
9:00–9:30 ಫೈಲು ಕಳಿಸುವುದು, ಬಿಲ್ ಬರೆಯುವುದು
9:30–10:00 ಸಾಫ್ಟ್‌ವೇರ್ ಪಾಠದ ವೀಡಿಯೊ
10:00–11:00 ಮೊಬೈಲು, ಕಥೆಪುಸ್ತಕ
11:00–4:00 ನಿದ್ರೆ

ಮೊದಲ ಪಟ್ಟಿಯ ಮೇಲೆ ಗಂಟೆಗಳ ಕ್ರಮದಲ್ಲೇ ಬಣ್ಣ ತುಂಬಿಸಲು ಹೇಳಿದೆ. ಯಾವುದಕ್ಕೆ ಯಾವ ಬಣ್ಣ ಎಂದು ಹೇಳಲಿಲ್ಲ. ಚರ್ಚೆ ಶುರುವಾದದ್ದು ಇಲ್ಲಿಂದ.

ಮೊದಲ ತೊಡಕು ಪದದ್ದು. ನಾನು ಕಪ್ಪುಹಲಗೆಯ ಮೇಲೆ ‘ಮನೆಗೆಲಸ’ ಎಂದು ಬರೆದ ಕೂಡಲೇ ಹಿಂದಿನ ಬೆಂಚಿನಿಂದ “ಹೋಂವರ್ಕಾ ಮಿಸ್?” ಎಂಬ ಪ್ರಶ್ನೆ ಬಂತು. ಶಾಲೆಯಲ್ಲಿ ಮನೆಗೆಲಸವೆಂದರೆ ಮನೆಯಲ್ಲಿ ಬರೆದು ತರುವ ಲೆಕ್ಕ. ಮನೆಯಲ್ಲಿ ಅದೇ ಪದ ಕಸಮುಸುರೆಗೆ. ನಾನು ಹೇಳಹೊರಟಿದ್ದು ಮೂರನೆಯದು, ಮನೆಯಲ್ಲಿ ಕುಳಿತು ಹಣಕ್ಕಾಗಿ ಮಾಡುವ ಕೆಲಸ. ಫ್ರೀಲ್ಯಾನ್ಸ್ ಪತ್ರಕರ್ತರನ್ನು ಕನ್ನಡದಲ್ಲಿ ‘ಹವ್ಯಾಸಿ ಪತ್ರಕರ್ತರು’ ಎನ್ನುವುದುಂಟು ಎಂದು ನಾನು ಹೇಳಿದಾಗ, “ಹವ್ಯಾಸ ಅಂದ್ರೆ ಸ್ಟಾಂಪ್ ಸಂಗ್ರಹ ಅಲ್ವಾ?” ಎಂದು ಒಬ್ಬಳು ಕೇಳಿದಳು. ಕೊನೆಗೆ ತರಗತಿಯೇ ಎರಡು ಹೆಸರು ಆರಿಸಿಕೊಂಡಿತು: ‘ಮನೆಯ ಕೆಲಸ’ ಮತ್ತು ‘ಮನೆಯಲ್ಲಿ ದುಡಿಮೆ’.

ಎರಡನೆಯ ತೊಡಕು ಕರೆಂಟ್ ಇಲ್ಲದ ಒಂದು ಗಂಟೆ. “ಸುಮ್ನೆ ಕೂತಿರ್ತೀರಲ್ಲ ಮಿಸ್, ಅದ್ಹೇಗೆ ದುಡಿಮೆ ಆಗುತ್ತೆ?” ಎಂಬುದು ಒಂದು ಗುಂಪಿನ ವಾದ. ಇನ್ನೊಂದು ಗುಂಪಿನ ಹುಡುಗ ಎದ್ದು ನಿಂತು, “ನಮ್ಮಪ್ಪ ಸ್ಟ್ಯಾಂಡಲ್ಲಿ ಆಟೋ ನಿಲ್ಲಿಸ್ಕೊಂಡು ಕಾಯ್ತಾರೆ. ಅದು ಡ್ಯೂಟೀನೇ” ಎಂದ. ನಾನು ತೀರ್ಪು ಕೊಡಲಿಲ್ಲ. ಕಾಯುವುದಕ್ಕೆ ಬೇರೆಯೇ ಬಣ್ಣ ಕೊಡೋಣ, ಎಲ್ಲಿ ಸೇರಿಸಬೇಕೆಂದು ಆಮೇಲೆ ನೋಡೋಣ ಎಂದು ತರಗತಿ ಒಪ್ಪಿತು. ಕಲಿಕೆಗೂ ಹಾಗೆಯೇ ಬೇರೆ ಬಣ್ಣ. ತಿದ್ದುಪಡಿಯೂ ಚಿತ್ರ ಬರೆಯುವುದೇ ಅಲ್ಲವೇ ಎಂದು ಕೇಳಿದವರಿದ್ದರು. ತಿದ್ದುಪಡಿಗೆ ಬೇರೆ ಹಣ ಸಿಗುತ್ತಿರಲಿಲ್ಲ ಎಂದು ತಿಳಿದ ಮೇಲೆ ಅದನ್ನು ಫೋನು, ಬಿಲ್ಲುಗಳ ಜೊತೆಗೆ ಇಟ್ಟರು.

ಪಟ್ಟಿ ತುಂಬಿದಾಗ ಎಲ್ಲರ ಕಣ್ಣಿಗೆ ಬಿದ್ದದ್ದು ಚಿತ್ರ ಬರೆಯುವ ಕೆಂಪು ಬಣ್ಣ. 9 ಚೌಕಗಳು, ಆದರೆ 5 ತುಂಡುಗಳಾಗಿ ಚದುರಿವೆ. ಅತಿ ಉದ್ದದ ತುಂಡು ಒಂದೂವರೆ ಗಂಟೆ. ದುಡಿಮೆಗೆ ಸೇರಬಹುದಾದ ಮೊದಲ ಚೌಕ ಬೆಳಿಗ್ಗೆ 7ಕ್ಕೆ, ಕೊನೆಯದು ಮುಗಿಯುವುದು ರಾತ್ರಿ 10ಕ್ಕೆ. ಒಂದು ಗುಂಪು ಪಟ್ಟಿಯ ಎರಡು ತುದಿಗಳನ್ನು ಸೇರಿಸಿ ಹಿಡಿದು, “ನಿದ್ದೆ ಮಾತ್ರ ಒಂದೇ ತುಂಡು ಮಿಸ್” ಎಂದಿತು. ಬೆಳಗಿನ 4 ಚೌಕಗಳೂ ರಾತ್ರಿಯ 10 ಚೌಕಗಳೂ ಒಂದಾಗಿದ್ದವು.

ಎರಡನೆಯ ಅವಧಿ: ಪಟ್ಟಿಯಿಂದ ವೃತ್ತ

ಎರಡನೆಯ ಪಟ್ಟಿಯಲ್ಲಿ ಒಂದೇ ಬಣ್ಣದ ಚೌಕಗಳನ್ನು ಒಟ್ಟಿಗೆ ಸೇರಿಸಿ ಬಣ್ಣ ತುಂಬಿಸಿದರು. ಲೆಕ್ಕ ಹೀಗೆ ಬಂತು:

ನಿದ್ರೆ – 14 ಚೌಕ
ಸ್ನಾನ, ಊಟ, ತಿಂಡಿ – 5 ಚೌಕ
ಮನೆಯ ಕೆಲಸ – 6 ಚೌಕ
ಚಿತ್ರ ಬರೆಯುವುದು – 9 ಚೌಕ
ಮೆಸೇಜು, ತಿದ್ದುಪಡಿ, ಫೋನು, ಬಿಲ್ – 5 ಚೌಕ
ಕಾಯುವುದು – 2 ಚೌಕ
ಅಭ್ಯಾಸ, ಕಲಿಕೆ – 2 ಚೌಕ
ವಿರಾಮ – 5 ಚೌಕ
ಒಟ್ಟು – 48 ಚೌಕ

ಪಟ್ಟಿಯ ತುದಿಗಳನ್ನು ಅಂಟಿಸಿದರೆ 48 ಸೆಂ.ಮೀ. ಸುತ್ತಳತೆಯ ಬಳೆ ಸಿಗುತ್ತದೆ. ಅದು ಸರಿಯಾಗಿ ಕೂರುವ ವೃತ್ತದ ತ್ರಿಜ್ಯ ಎಷ್ಟು? ಏಳನೆಯ ತರಗತಿಯಲ್ಲಿ ಕಲಿತ ಪರಿಧಿಯ ಸೂತ್ರ ಇಲ್ಲಿ ಉಪಯೋಗಕ್ಕೆ ಬಂತು. ಪೈ ಬೆಲೆಯನ್ನು 22/7 ಎಂದಿಟ್ಟು 48 × 7 ÷ 44 ಮಾಡಿ, ಸುಮಾರು 7.6 ಸೆಂ.ಮೀ. ಎಂದು ಕಂಡುಕೊಂಡರು. ಆ ತ್ರಿಜ್ಯದ ವೃತ್ತ ಎಳೆದು, ಬಳೆಯನ್ನು ಅದರ ಮೇಲೆ ನಿಲ್ಲಿಸಿ, ಬಣ್ಣ ಬದಲಾಗುವ ಕಡೆ ಚುಕ್ಕೆ ಇಟ್ಟು, ಚುಕ್ಕೆಗಳಿಂದ ಕೇಂದ್ರಕ್ಕೆ ಗೆರೆ ಎಳೆದರು. ಒಂದೂ ಗುಣಾಕಾರವಿಲ್ಲದೆ ಪೈ ನಕ್ಷೆ ಸಿದ್ಧವಾಯಿತು.

ಆಮೇಲೆ ವಿವರಣೆ. 48 ಚೌಕ ಸೇರಿ 360 ಡಿಗ್ರಿಯಾದರೆ ಒಂದು ಚೌಕಕ್ಕೆ 7.5 ಡಿಗ್ರಿ, ಒಂದು ಗಂಟೆಗೆ 15 ಡಿಗ್ರಿ. ನಿದ್ರೆ 105 ಡಿಗ್ರಿ, ಚಿತ್ರ ಬರೆಯುವುದು 67.5, ಮನೆಯ ಕೆಲಸ 45. ತಲಾ 5 ಚೌಕಗಳಿರುವ ಮೂರು ಗುಂಪುಗಳಿಗೆ 37.5, ತಲಾ 2 ಚೌಕಗಳಿರುವ ಎರಡಕ್ಕೆ 15. ಲೆಕ್ಕದ ಕೋನವನ್ನು ಬಳೆಯಿಂದ ಬಂದ ಕೋನದೊಡನೆ ಹೋಲಿಸಲು ಹೇಳಿದೆ. ನಿದ್ರೆಯ ಕೋನ ಗುಂಪುಗಳಲ್ಲಿ 103ರಿಂದ 107 ಡಿಗ್ರಿಯವರೆಗೆ ಬಂದಿತ್ತು. ವ್ಯತ್ಯಾಸ ಬಳೆಯ ಸೊಟ್ಟದಿಂದಲೋ ಅಂಟಿನ ಜಾಗದಿಂದಲೋ ಎಂದು ಮಕ್ಕಳೇ ಹುಡುಕಿದರು.

ಇಲ್ಲಿ ಕಂಡ ಸಾಮಾನ್ಯ ತಡೆ: ಪ್ರತಿ ಕೋನವನ್ನೂ ಮೊದಲ ಗೆರೆಯಿಂದಲೇ ಅಳೆಯುವುದು. ಹೀಗೆ ಮಾಡಿದವರ ಗೆರೆಗಳು ಒಂದರ ಮೇಲೊಂದು ಬಿದ್ದವು. ಬಳೆಯ ನಕ್ಷೆ ಪಕ್ಕದಲ್ಲೇ ಇದ್ದುದರಿಂದ, ಹೊಸ ಕೋನ ಹಿಂದಿನ ಗೆರೆಯಿಂದ ಶುರುವಾಗಬೇಕೆಂದು ಅವರೇ ತಿದ್ದಿಕೊಂಡರು.

ಕೊನೆಯಲ್ಲಿ ಮೊದಲ ಪಟ್ಟಿ ಮತ್ತು ಪೈ ನಕ್ಷೆಯನ್ನು ಅಕ್ಕಪಕ್ಕ ಇಟ್ಟು, ಯಾವುದರಲ್ಲಿ ಏನು ಕಾಣುತ್ತಿಲ್ಲ ಎಂದು ಕೇಳಿದೆ. ನಕ್ಷೆಯಲ್ಲಿ ಯಾವುದು ಎಷ್ಟು ಭಾಗ ಎಂದು ಒಂದೇ ನೋಟಕ್ಕೆ ಸಿಗುತ್ತದೆ. ಆದರೆ ಚಿತ್ರದ ಕೆಲಸ 5 ಕಡೆ ತುಂಡಾದದ್ದು ಅದರಲ್ಲಿಲ್ಲ. ಅಲ್ಲಿ ನಾಲ್ಕೂವರೆ ಗಂಟೆ ಒಂದೇ ಸಮನೆ ಕುಳಿತಂತೆ ಕಾಣುತ್ತದೆ. “ಮಧ್ಯೆ ಮಧ್ಯೆ ಏಳ್ಬೇಕಾಗಿದ್ದಕ್ಕೆ ರಾತ್ರಿ 10 ಆಯ್ತು” ಎಂದು ಒಬ್ಬಳು ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಇದು ನಾನು ಪಾಠಯೋಜನೆಯಲ್ಲಿ ಬರೆದಿದ್ದ ನಾಲ್ಕನೆಯ ಕಲಿಕಾ ಫಲಕ್ಕಿಂತ ಚೆನ್ನಾದ ವಾಕ್ಯ.

ಮೂರನೆಯ ಅವಧಿ: ಗಂಟೆಗೆ ಎಷ್ಟು?

ಆ ದಿನ ನಾನು ಮುಗಿಸಿದ್ದು 6 ಚಿತ್ರ. ಒಂದಕ್ಕೆ 150 ರೂಪಾಯಿ, ಒಟ್ಟು 900 ರೂಪಾಯಿ. ಗಂಟೆಗೆ ಎಷ್ಟು ಬಿತ್ತು? ಉತ್ತರ ಗುಂಪಿನಿಂದ ಗುಂಪಿಗೆ ಬೇರೆಯಾಯಿತು. ಎಲ್ಲವನ್ನೂ ಕಪ್ಪುಹಲಗೆಗೆ ಏರಿಸಿದೆ.

ಚಿತ್ರ ಬರೆದ ಹೊತ್ತು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ 4.5 ಗಂಟೆ, ಗಂಟೆಗೆ 200 ರೂ.
ಮೆಸೇಜು, ತಿದ್ದುಪಡಿ, ಫೋನು, ಬಿಲ್ ಸೇರಿಸಿದರೆ 7 ಗಂಟೆ; ಗಂಟೆಗೆ ಸುಮಾರು 128.57 ರೂ.
ಕಾಯುವುದು, ಕಲಿಕೆ ಸೇರಿಸಿದರೆ 9 ಗಂಟೆ. ಗಂಟೆಗೆ 100 ರೂ.
ಮನೆಯ ಕೆಲಸವನ್ನೂ ಸೇರಿಸಿದರೆ 12 ಗಂಟೆ. ಗಂಟೆಗೆ 75 ರೂ.

ದುಡ್ಡು 900 ಅಲ್ಲೇ ಇದೆ; ಬದಲಾದದ್ದು ಛೇದ ಮಾತ್ರ. ಕೊನೆಯ ಸಾಲಿನ ಬಗ್ಗೆ ಚರ್ಚೆ ಬಿಸಿಯಾಯಿತು. ಮನೆಯ ಕೆಲಸವೂ ಕೆಲಸವೇ ಎಂಬುದನ್ನು ಎಲ್ಲರೂ ಒಪ್ಪಿದರು. ನಕ್ಷೆಯಲ್ಲಿ ಅದನ್ನು ಸೇರಿಸಿದಾಗ 24 ಚೌಕ, ಸರಿಯಾಗಿ ಅರ್ಧ ವೃತ್ತವಾಯಿತು. ಆದರೆ ಆ 900 ರೂಪಾಯಿ ಬಂದದ್ದು ಚಿತ್ರಕ್ಕಾಗಿ, ಅಜ್ಜಿಯ ಗಂಜಿಗಾಗಿ ಅಲ್ಲ. ಅಂಶ ಯಾವುದಕ್ಕೆ ಸಂಬಂಧಿಸಿದ್ದೋ ಛೇದವೂ ಅದಕ್ಕೇ ಸಂಬಂಧಿಸಿರಬೇಕು. ದಿನದಲ್ಲಿ ದುಡಿಮೆಯ ಪಾಲು ಎಷ್ಟು ಎಂಬುದು ಒಂದು ಪ್ರಶ್ನೆ, ಈ ಹಣಕ್ಕೆ ಎಷ್ಟು ಗಂಟೆ ಹೋಯಿತು ಎಂಬುದು ಇನ್ನೊಂದು ಪ್ರಶ್ನೆ. ಇವೆರಡನ್ನು ಬೇರ್ಪಡಿಸಿದ್ದು ಈ ಅವಧಿಯ ಮುಖ್ಯ ಗಣಿತ.

“ಇಂಟರ್ನೆಟ್ ದುಡ್ಡು ಯಾರು ಕಟ್ತಾರೆ ಮಿಸ್?” ಎಂಬ ಪ್ರಶ್ನೆಯೂ ಬಂತು. ತಿಂಗಳಿಗೆ 600 ರೂಪಾಯಿಯಂತೆ ದಿನಕ್ಕೆ 20 ಕಳೆದರು: 880 ÷ 9, ಸುಮಾರು 97.78 ರೂ. “ಎಲ್ಲ ದಿನಾನೂ ಹೀಗೇನಾ?” ಎಂದು ಕೇಳಿದವನಿಗೆ ಇಲ್ಲ ಎಂದೆ. ಶಾಲೆ ಶುರುವಾಗುವ ಮುಂಚಿನ ಏಪ್ರಿಲ್–ಮೇ ತಿಂಗಳಲ್ಲಿ ಗೈಡಿನ ಕೆಲಸ ರಾಶಿ ಬೀಳುತ್ತದೆ, ಮಳೆಗಾಲದಲ್ಲಿ ವಾರಗಟ್ಟಲೆ ಬರುವುದಿಲ್ಲ. ಒಂದು ದಿನದ ದತ್ತಾಂಶದಿಂದ ವರ್ಷದ ಮಾತು ಹೇಳಲಾಗದು ಎಂಬುದನ್ನು ಟಿಪ್ಪಣಿಗೆ ಸೇರಿಸಿಕೊಂಡರು.

ವಿಸ್ತರಣೆ: ನಮ್ಮ ಮನೆಯ ಒಬ್ಬರ ದಿನ

ಮನೆಯ ಹಿರಿಯರೊಬ್ಬರನ್ನು ಕೇಳಿ, ಅವರ ಒಪ್ಪಿಗೆ ಪಡೆದು, ಅವರ ಒಂದು ದಿನವನ್ನು 48 ಚೌಕಗಳಲ್ಲಿ ಬರೆದು ತರಲು ಹೇಳಿದೆ. 36ರಲ್ಲಿ 31 ಮಕ್ಕಳು ತಂದರು. 19 ಮಂದಿ ಆರಿಸಿದ್ದು ತಾಯಿಯನ್ನು, 6 ಮಂದಿ ಅಜ್ಜಿಯನ್ನು, 3 ಮಂದಿ ತಂದೆಯನ್ನು, ಉಳಿದ 3 ಮಂದಿ ಅಕ್ಕ, ಚಿಕ್ಕಮ್ಮ ಮುಂತಾದವರನ್ನು. ಊದುಬತ್ತಿ ಹೊಸೆಯುವುದು, ಹೂ ಕಟ್ಟುವುದು, ಹೊಲಿಗೆ, ಸೀರೆಗೆ ಕುಚ್ಚು ಹಾಕುವುದು, ಟ್ಯೂಷನ್ ಹೇಳುವುದು ಇವೆಲ್ಲ ಪಟ್ಟಿಗಳಲ್ಲಿದ್ದವು. ಮೊದಲ ದಿನ ಯಾರೂ ಇವನ್ನು ಹೇಳಿರಲಿಲ್ಲ. ಊದುಬತ್ತಿಗೆ ಸಾವಿರದ ಲೆಕ್ಕ, ಹೂವಿಗೆ ಮಾರಿನ ಲೆಕ್ಕ, ಕುಚ್ಚಿಗೆ ಸೀರೆಯ ಲೆಕ್ಕ. ನನಗೆ ಚಿತ್ರದ ಲೆಕ್ಕ. ಎಲ್ಲಿಯೂ ಗಂಟೆಯ ಲೆಕ್ಕವಿಲ್ಲ. ಕಂಪ್ಯೂಟರ್ ಮುಂದೆ ಕೂತವರ ದುಡಿಮೆಗೂ ಕಡ್ಡಿ ಹಿಡಿದು ಕೂತವರ ದುಡಿಮೆಗೂ ಈ ಹೋಲಿಕೆ ಇದೆ ಎಂದು ಗುರುತಿಸಿದ್ದು ಮಕ್ಕಳೇ.

ಒಬ್ಬ ವಿದ್ಯಾರ್ಥಿನಿಯ ಪಟ್ಟಿಯಲ್ಲಿ ಸಂಜೆ 7ರಿಂದ 9 ‘ಟಿವಿ’ ಎಂದು ಬರೆದು, ಅಳಿಸಿ, ‘ಕುಚ್ಚು’ ಎಂದು ಬರೆದಿತ್ತು. ಅರ್ಧ ಗಂಟೆಯಲ್ಲಿ ಎರಡು ಚಟುವಟಿಕೆ ಇದ್ದರೆ ಮುಖ್ಯವಾದುದನ್ನು ಬರೆಯಬೇಕೆಂಬ ನಿಯಮ ನಾವು ಮಾಡಿಕೊಂಡಿದ್ದೆವು. ಯಾಕೆ ಬದಲಿಸಿದೆ ಎಂದು ಕೇಳಿದೆ. “ಮೊದ್ಲು ಅಮ್ಮನ ಕಣ್ಣು ಎಲ್ಲಿದೆ ಅಂತ ನೋಡ್ದೆ ಮಿಸ್. ಆಮೇಲೆ ಕೈ ನೋಡ್ದೆ” ಎಂದಳು. ಆ 4 ಚೌಕ ಸರಿದಾಗ ಆ ತಾಯಿಯ ವಿರಾಮದ ಭಾಗ 30 ಡಿಗ್ರಿ ಕಡಿಮೆಯಾಯಿತು. ಉಳಿದದ್ದು 7.5 ಡಿಗ್ರಿ, ಕೋನಮಾಪಕದಲ್ಲಿ ಗೆರೆ ಎಳೆಯಲು ಕಷ್ಟವಾಗುವಷ್ಟು ಸಣ್ಣದು. ಎರಡು ದಿನ ಬಿಟ್ಟು ಅವಳು ಇನ್ನೊಂದು ವಿಷಯ ಹೇಳಿದಳು: ಒಂದು ಸೀರೆಗೆ ಎಷ್ಟು ಗಂಟೆ ಹಿಡಿಯುತ್ತದೆ ಎಂದು ಅವಳ ಅಮ್ಮ ಅದುವರೆಗೆ ಎಣಿಸಿರಲಿಲ್ಲ, ಈಗ ಇಬ್ಬರೂ ಕೂತು ಎಣಿಸಿ, ಗಂಟೆಗೆ ಎಷ್ಟು ಬೀಳುತ್ತದೆ ಎಂದು ಭಾಗಾಕಾರ ಮಾಡಿದ್ದಾರೆ. ಎಷ್ಟು ಬಂತು ಎಂದು ನಾನು ಕೇಳಲಿಲ್ಲ.

ಮೌಲ್ಯಮಾಪನ

2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, 6 ವರ್ಷ ಮೇಲ್ಪಟ್ಟವರಲ್ಲಿ ಸಂಬಳವಿಲ್ಲದ ಮನೆಯ ಕೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ, ಪುರುಷರು 88 ನಿಮಿಷ ಕೊಡುತ್ತಾರೆ. ಇವನ್ನು ಕೇಂದ್ರ ಕೋನಕ್ಕೆ ಬದಲಿಸಿ ಎಂಬುದು ಮುಖ್ಯ ಪ್ರಶ್ನೆ. ದಿನಕ್ಕೆ 1440 ನಿಮಿಷ, ಅಂದರೆ 4 ನಿಮಿಷಕ್ಕೆ 1 ಡಿಗ್ರಿ ಎಂಬ ದಾರಿ ಹಿಡಿದವರು ಬೇಗ ಮುಗಿಸಿದರು: 72.25 ಡಿಗ್ರಿ ಮತ್ತು 22 ಡಿಗ್ರಿ. 31 ಮಕ್ಕಳು ಎರಡನ್ನೂ ಸರಿಯಾಗಿ ಬರೆದರು. ಉಳಿದ ಐವರು 289 ನಿಮಿಷವನ್ನು 2.89 ಗಂಟೆ ಎಂದು ಓದಿದ್ದರು. ಅವರಿಗೆ ಪಟ್ಟಿಯನ್ನೇ ಮತ್ತೆ ಕೊಟ್ಟು, 289 ನಿಮಿಷಕ್ಕೆ ಎಷ್ಟು ಚೌಕ ಎಂದು ಎಣಿಸಲು ಹೇಳಿದೆ. ಒಂಬತ್ತು ಚೌಕ ದಾಟಿ, ಹತ್ತನೆಯದು ಇನ್ನೇನು ತುಂಬುತ್ತದೆ ಎನ್ನುವಲ್ಲಿ ನಿಂತಾಗ ಅವರಿಗೆ ತಿಳಿಯಿತು.

ಈ ಪಾಠ ಮಾಡಬಯಸುವ ಪ್ರಶಿಕ್ಷಣಾರ್ಥಿಗಳಿಗೆ

ಮನೆಯವರ ದಿನಚರಿ ಕೇಳುವಾಗ ಗಳಿಕೆಯನ್ನು ತರಗತಿಯಲ್ಲಿ ಕೇಳಬಾರದು. ಹಣದ ಲೆಕ್ಕಕ್ಕೆ ಶಿಕ್ಷಕರು ತಮ್ಮ ಅಂಕಿಗಳನ್ನೋ ಕಲ್ಪಿತ ಅಂಕಿಗಳನ್ನೋ ಬಳಸಲಿ. ಮನೆಯ ನಕ್ಷೆಗಳನ್ನು ಹೆಸರಿನೊಂದಿಗೆ ಗೋಡೆಗೆ ಅಂಟಿಸಬಾರದು. ನನ್ನ ಮಾರ್ಗದರ್ಶಕ ಶಿಕ್ಷಕರು ಮೊದಲೇ ಈ ಎಚ್ಚರಿಕೆ ಕೊಟ್ಟಿದ್ದರು, ಅದು ಉಪಯೋಗಕ್ಕೆ ಬಂತು. ಹಿರಿಯರ ಬಗ್ಗೆ ಬರೆಯಲು ಆಗದ ಮಗುವಿಗೆ ತನ್ನದೇ ಭಾನುವಾರವನ್ನು ಬರೆಯುವ ಅವಕಾಶವಿರಲಿ. ದತ್ತಾಂಶ ತರದ ಐವರಲ್ಲಿ ಮೂವರು ಹೀಗೆಯೇ ಆಮೇಲೆ ಪೂರ್ಣಗೊಳಿಸಿದರು.

ಸಮಯದ ದೃಷ್ಟಿಯಿಂದ, ಮೊದಲ ಅವಧಿಯನ್ನು ಕಿರಿದಾಗಿಸಬೇಡಿ. ಬಣ್ಣ ತುಂಬಿಸಲು 15 ನಿಮಿಷ ಸಾಕು, ಆದರೆ ಯಾವ ಬಣ್ಣ ಎಂಬ ಚರ್ಚೆಗೆ 20 ನಿಮಿಷವಾದರೂ ಬೇಕು. ಪಟ್ಟಿಗಳನ್ನು ಹಿಂದಿನ ದಿನವೇ ಕತ್ತರಿಸಿ ಚೌಕ ಎಳೆದಿಟ್ಟುಕೊಳ್ಳಿ. ಗುಂಪುಗಳ ಹೆಸರುಗಳನ್ನು ಮಾತ್ರ ಮುಂಚೆಯೇ ಬರೆದಿಟ್ಟುಕೊಂಡು ಹೋಗಬೇಡಿ. ಅವು ಮಕ್ಕಳ ಬಾಯಿಂದ ಬರಲಿ.